ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ತರುಣರು

ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಬ್ರಿಟಿಷರಲ್ಲದ ಮಿಷನರಿಗಳು ನೆಲೆಯೂರಲು ದಾರಿ ಮಾಡಿಕೊಟ್ಟದ್ದು 1833ರ ಚಾರ್ಟರ್ ಕಾಯ್ದೆ. ಮರುವರ್ಷವೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮೂವರನ್ನು ಪಶ್ಚಿಮ ಕರಾವಳಿಗೆ ಕಳಿಸಿತು: ಸ್ಯಾಮುಯೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್ ಮತ್ತು ಕ್ರಿಸ್ಟಿಯಾನ್ ಲಿಯೊನಾರ್ಡ್ ಗ್ರೈನರ್. ಸುಮಾರು ಮೂರು ತಿಂಗಳ ಕಡಲ ಪಯಣ ಮುಗಿಸಿ 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದ ಅವರು ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು. ಮುಂದಿನ ಎಂಬತ್ತು ವರ್ಷ ತಂಡತಂಡವಾಗಿ ತರುಣರು ಇದೇ ಹಾದಿಯಲ್ಲಿ ಬಂದು ಮಂಗಳೂರು, ಧಾರವಾಡ, ಹುಬ್ಬಳ್ಳಿ, ಮಡಿಕೇರಿಗಳಲ್ಲಿ ಬದುಕು ಕಟ್ಟಿಕೊಂಡರು.

ಇವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ರೈತರ, ಕುಶಲಕರ್ಮಿಗಳ, ಸಣ್ಣ ವ್ಯಾಪಾರಿಗಳ ಮಕ್ಕಳು. ಭಕ್ತಿಗೂ ದುಡಿಮೆಗೂ ಸಮಾನ ಬೆಲೆ ಕೊಡುತ್ತಿದ್ದ ಪಯಟಿಸ್ಟ್ ಪಂಥದ ಮನೆಗಳಲ್ಲಿ ಬೆಳೆದವರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ್ದ ಹರ್ಮನ್ ಮೋಗ್ಲಿಂಗ್‌ನಂಥವರು ವಿರಳ. ಬಾಸೆಲ್ಲಿನ ಸೆಮಿನರಿಯಲ್ಲಿ ಇವರಿಗೆ ಬೈಬಲ್ಲಿನ ಜೊತೆ ಗ್ರೀಕ್, ಹೀಬ್ರೂ, ಇಂಗ್ಲಿಷ್ ಕಲಿಸುತ್ತಿದ್ದರು. ಏಳುವ, ಉಣ್ಣುವ, ಪ್ರಾರ್ಥಿಸುವ ವೇಳೆಯೆಲ್ಲ ಗಂಟೆಯ ಲೆಕ್ಕದಲ್ಲಿ ನಡೆಯುತ್ತಿತ್ತು. ವಿಧೇಯತೆ ಅಲ್ಲಿನ ಮೊದಲ ಪಾಠ. ಹೊರನಾಡಿನಲ್ಲಿ ಸಾವು ಹತ್ತಿರದಲ್ಲೇ ಇರುತ್ತದೆಂಬುದನ್ನು ಯಾರೂ ಮುಚ್ಚಿಡಲಿಲ್ಲ. ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ ಇದೇ ಮಿಷನ್ 1828ರಲ್ಲಿ ಕಳಿಸಿದ ಮೊದಲ ನಾಲ್ವರೂ ಕೆಲವೇ ವರ್ಷಗಳಲ್ಲಿ ಮಣ್ಣಾಗಿದ್ದರು.

ಕರಾವಳಿ ಅಷ್ಟು ಕ್ರೂರವಾಗಿರಲಿಲ್ಲ. ಆದರೂ ಮಳೆಗಾಲವೇ ದೊಡ್ಡ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದರು ಮುಚ್ಚುತ್ತಿತ್ತು, ಬೂಟಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತಿತ್ತು, ಜ್ವರ ಮತ್ತು ಆಮಶಂಕೆ ಮನೆಮನೆ ಸುತ್ತುತ್ತಿದ್ದವು. ಗಾಳಿ ಬೀಸುವ ಎತ್ತರದ ಜಾಗವೇ ಆರೋಗ್ಯಕರವೆಂಬ ಆ ಕಾಲದ ನಂಬಿಕೆಯಂತೆ ಮಿಷನ್ ಗುಡ್ಡಗಳನ್ನು ಆರಿಸಿಕೊಂಡಿತು. ಕಲೆಕ್ಟರ್ ಬ್ಲೇರ್ 1840ರಲ್ಲಿ ಬಿಟ್ಟುಕೊಟ್ಟ ಬಲ್ಮಠದ ಬಂಗಲೆ ಅದರ ಕೇಂದ್ರವಾಯಿತು. ಬಳಲಿದವರನ್ನು ನೀಲಗಿರಿಯ ಕೇಟಿಗೆ ಕಳಿಸುತ್ತಿದ್ದರು. ಮದರಾಸಿನ ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಅಲ್ಲಿನ ತನ್ನ ಆಸ್ತಿಯನ್ನು ಮಿಷನ್ನಿಗೆ ಬರೆದುಕೊಟ್ಟಿದ್ದ.

ಹವೆಗೆ ಒಗ್ಗುವುದಕ್ಕಿಂತ ಕಷ್ಟದ್ದು ನುಡಿಗೆ ಒಗ್ಗುವುದು. ಮಂಗಳೂರಿನ ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳು. ಶಾಲೆಯಲ್ಲೂ ಕಚೇರಿಯಲ್ಲೂ ಕನ್ನಡ. ಅಧಿಕಾರಿಗಳ ಜೊತೆ ಇಂಗ್ಲಿಷ್. ಇಂಗ್ಲಿಷನ್ನೇ ಆಗಷ್ಟೇ ಕಲಿತ ಜರ್ಮನ್ ಹುಡುಗ ಅದೇ ಇಂಗ್ಲಿಷಿನ ಮೂಲಕ ಮುನ್ಷಿಯಿಂದ ಕನ್ನಡ ಕಲಿಯಬೇಕಿತ್ತು. ಬಂದವರೆಲ್ಲರೂ ಗೆಲ್ಲಲಿಲ್ಲ. ಮೊದಲು ಬಂದವರಲ್ಲಿ ಅತ್ಯಂತ ಹುರುಪಿನವನಾಗಿದ್ದ ಹೆಬಿಕ್‌ಗೆ ಈ ನೆಲದ ಯಾವ ಭಾಷೆಯೂ ಕೊನೆಯವರೆಗೂ ಸರಿಯಾಗಿ ದಕ್ಕಲಿಲ್ಲ. ಇಂಗ್ಲಿಷಿನಲ್ಲಿ ಮಾತಾಡಿ ದುಭಾಷಿಯಿಂದ ಹೇಳಿಸುತ್ತಿದ್ದ. ಕಣ್ಣೂರಿಗೆ ಹೋದಮೇಲೆ ಬ್ರಿಟಿಷ್ ಸಿಪಾಯಿಗಳ ನಡುವೆಯೇ ಹೆಚ್ಚು ಹೆಸರು ಮಾಡಿದ. ಗ್ರೈನರ್ ತುಳುವಿನ ಕಡೆ ತಿರುಗಿದ. ಅವನೂ ಅಮ್ಮನ್ ಎಂಬ ಜೊತೆಗಾರನೂ ಸೇರಿ ಸಿದ್ಧಪಡಿಸಿದ ತುಳು ಹೊಸ ಒಡಂಬಡಿಕೆ 1847ರಲ್ಲಿ ಹೊರಬಂತು.

1836ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಬಂದಿಳಿದ ಮೋಗ್ಲಿಂಗ್‌ನದು ಬೇರೆಯೇ ಬಗೆ. ಕನ್ನಡವನ್ನು ಬೋಧನೆಯ ಉಪಕರಣವೆಂದಷ್ಟೇ ಎಣಿಸದೆ ಅದರ ಗಾದೆ, ಹಾಡು, ಕಾವ್ಯಗಳ ಒಳಗೆ ಇಳಿದ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಶುರುಮಾಡಿದ. 1848ರಿಂದ ಕಾಸಮೇಜರ್ ನೆರವಿನೊಂದಿಗೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ. ಪರಧರ್ಮವನ್ನು ಸಾರಲು ಬಂದವನು ದಾಸರ ಪದಗಳನ್ನು ಅಚ್ಚಿಗೆ ತಂದನೆಂಬುದು ಸಣ್ಣ ಸಂಗತಿಯಲ್ಲ. ಈ ಜನರನ್ನು ಅವರ ಹಾಡಿನಲ್ಲೇ ತಿಳಿಯಬೇಕೆಂಬ ಹಟ ಅದರ ಹಿಂದಿತ್ತು.

ನುಡಿ ಹತ್ತಿರ ತಂದದ್ದನ್ನು ಬಂಗಲೆ ದೂರ ಮಾಡುತ್ತಿತ್ತು. ಬಿಳಿಯರಾದ ಕಾರಣಕ್ಕೇ ಮಿಷನರಿಗಳು ಅಧಿಕಾರಿಗಳ ಸಾಲಿಗೆ ಸೇರಿಬಿಟ್ಟಿದ್ದರು. ಊರಿನಲ್ಲಿ ಬಡಗಿಯೋ ನೇಕಾರನೋ ಆಗಿದ್ದವನ ಮನೆಯಲ್ಲಿ ಇಲ್ಲಿ ಅಡುಗೆಯವರು, ಆಳುಗಳು. ಹೀಗೆ ದೊರೆಯಂತೆ ಬಾಳಿ ಬಡವರಿಗೆ ಸುವಾರ್ತೆ ಹೇಳುವುದು ಹೇಗೆಂಬ ಪ್ರಶ್ನೆ ಮನಸ್ಸಾಕ್ಷಿಯುಳ್ಳವರನ್ನು ಕಾಡಿತು. ಮೋಗ್ಲಿಂಗ್ ಸರಳ ಜೀವನದ ಪಕ್ಷ ಹಿಡಿದು ವಿದ್ಯಾರ್ಥಿಗಳ ನಡುವೆಯೇ ಬಾಳಿದ. 1853ರಲ್ಲಿ ಇಪ್ಪತ್ತೊಂದರ ಎಳೆಯನಾಗಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಇನ್ನೂ ಮುಂದೆ ಹೋದ. ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಜನರ ಬಾಳಿಗೆ ತನ್ನ ಬಾಳನ್ನು ಹೊಂದಿಸಲು ನೋಡಿದ. ಹಿರಿಯ ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ. 1850ರಿಂದ ಮಿಷನ್ನಿನ ಮುಖ್ಯಸ್ಥನಾಗಿದ್ದ ಇನ್ಸ್‌ಪೆಕ್ಟರ್ ಯೋಸೆಫ್ ಯೋಸೆನ್ಹಾನ್ಸ್ ಶಿಸ್ತಿನ ಮನುಷ್ಯ. ಕಿಟ್ಟೆಲ್‌ಗೂ ಅವನಿಗೂ ನಡುವೆ ಘರ್ಷಣೆ ಬೆಳೆಯಿತು. ಕಿಟ್ಟೆಲ್ ಆ ಬಗೆಯ ಅಲೆದಾಟ ಕೈಬಿಡಬೇಕಾಯಿತು, ಆದರೆ ಕನ್ನಡದೊಳಗಿನ ಅಲೆದಾಟ ನಿಲ್ಲಲಿಲ್ಲ. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ ‘ಕಥಾಮಾಲೆ’ 1862ರಲ್ಲಿ ಬಂತು.

ತರುಣರ ಖಾಸಗಿ ಬದುಕೂ ಬಾಸೆಲ್ಲಿನ ಸಮಿತಿಯ ಕೈಯಲ್ಲೇ ಇತ್ತು. ಹೊರಡುವಾಗ ಮದುವೆಯಾಗಿರಬಾರದು, ನಿಶ್ಚಿತಾರ್ಥವೂ ಕೂಡದು. ಕೆಲವು ವರ್ಷ ದುಡಿದ ಮೇಲೆ ಅರ್ಜಿ ಹಾಕಿ ಅಪ್ಪಣೆ ಪಡೆಯಬೇಕು. ಎಷ್ಟೋ ಸಲ ವಧುವನ್ನು ಗೊತ್ತುಮಾಡುವುದೂ ಸಮಿತಿಯೇ. ಮುಖಪರಿಚಯವೂ ಇಲ್ಲದ ಗಂಡನಿಗಾಗಿ ಸಾವಿರಾರು ಮೈಲಿ ದಾಟಿ ಬಂದ ಆ ಹೆಣ್ಣುಮಕ್ಕಳ ಒಗ್ಗುವಿಕೆ ಗಂಡಸರದಕ್ಕಿಂತ ಕಠಿಣವಾಗಿತ್ತು, ಚರಿತ್ರೆಯಲ್ಲಿ ಅವರಿಗೆ ಸಿಕ್ಕ ಜಾಗ ಮಾತ್ರ ತೀರ ಕಡಿಮೆ. ಹುಡುಗಿಯರ ಶಾಲೆ, ಹೊಲಿಗೆ ತರಗತಿ, ರೋಗಿಗಳ ಆರೈಕೆಯನ್ನು ಹೊತ್ತವರು ಅವರೇ. ಕಿಟ್ಟೆಲ್‌ನ ಮೊದಲ ಹೆಂಡತಿ ಪೌಲಿನ್ ಐಟ್ ಮದುವೆಯಾಗಿ ನಾಲ್ಕೇ ವರ್ಷದಲ್ಲಿ, 1864ರಲ್ಲಿ, ತೀರಿಕೊಂಡಳು. ಮೂರು ವರ್ಷಗಳ ಬಳಿಕ ಅವಳ ತಂಗಿ ಯೂಲಿ ಅವನ ಕೈಹಿಡಿದಳು.

ಎಲ್ಲಕ್ಕಿಂತ ನೋವಿನದು ಮಕ್ಕಳ ಅಗಲಿಕೆ. ಹವೆ ಮತ್ತು ವಿದ್ಯೆಯ ಕಾರಣ ಹೇಳಿ ಎಳೆಯ ಮಕ್ಕಳನ್ನು ಯುರೋಪಿಗೆ ಕಳಿಸಿಬಿಡುತ್ತಿದ್ದರು; 1853ರಲ್ಲಿ ಅವರಿಗೆಂದೇ ಬಾಸೆಲ್ಲಿನಲ್ಲಿ ಮಕ್ಕಳ ಮನೆ ತೆರೆಯಿತು. ಮಲಯಾಳದ ನಿಘಂಟುಕಾರ ಹರ್ಮನ್ ಗುಂಡರ್ಟ್‌ನ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ನಾಲ್ಕರ ವಯಸ್ಸಿಗೆ ಯುರೋಪಿನಲ್ಲಿ ಬಿಟ್ಟುಬಂದಿದ್ದ ಆ ಮಗು ತಂದೆತಾಯಿಯನ್ನು ಮತ್ತೆ ಸೇರುವ ಹೊತ್ತಿಗೆ ಹದಿನೈದರ ಹುಡುಗಿ. ಕಾದಂಬರಿಕಾರ ಹರ್ಮನ್ ಹೆಸ್ಸೆ ಇವಳ ಮಗ. ಅವನ ತಂದೆ ಯೋಹಾನೆಸ್ ಹೆಸ್ಸೆಯೂ ಮಂಗಳೂರಿನಲ್ಲಿ ಕೆಲಸ ಮಾಡಿ, ಆರೋಗ್ಯ ಕೆಟ್ಟು 1873ರಲ್ಲಿ ಹಿಂದಿರುಗಿದವನು.

ಈ ಹಾದಿಯಲ್ಲಿ ಎದುರು ದಿಕ್ಕಿಗೆ ನಡೆದವನೂ ಒಬ್ಬನಿದ್ದ. ಮಂಗಳೂರಿನ ಸಾರಸ್ವತ ಕುಟುಂಬದ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಎರಡು ವರ್ಷದ ನಂತರ ಮೋಗ್ಲಿಂಗ್ ಜೊತೆ ಬಾಸೆಲ್ಲಿಗೆ ಹೋಗಿ, ಸೆಮಿನರಿಯಲ್ಲಿ ಓದಿ, ದೀಕ್ಷೆ ಪಡೆದು 1851ರಲ್ಲಿ ಮರಳಿದ. ಮನೆಯನ್ನೂ ಜಾತಿಯನ್ನೂ ಕಳೆದುಕೊಂಡವನಿಗೆ ಹಿಮ, ರೊಟ್ಟಿ, ಜರ್ಮನ್ ಪಾಠಗಳ ನಡುವಿನ ಆ ವರ್ಷಗಳು ಹಗುರವಾಗಿರಲಾರವು. ಜರ್ಮನ್ ತರುಣರ ಸಾಹಸ ಹೇಳುವವರು ಇವನ ಧೈರ್ಯವನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಮರಳಿ ಬಂದಮೇಲೆ ಇವನೂ ಮೋಗ್ಲಿಂಗನೂ ಕೊಡಗಿನಲ್ಲಿ ಜೊತೆಯಾಗಿ ದುಡಿದರು.

ಬಂದವರ ಕೈಕಸುಬೂ ಒಗ್ಗುವ ದಾರಿಯಾಯಿತು. 1851ರಲ್ಲಿ ಬಂದ ಯೋಹಾನ್ ಹಾಲರ್ ನೇಯ್ಗೆ ಬಲ್ಲವನು. ಗೇರಿನ ತೊಗಟೆಯಿಂದ ಬಣ್ಣ ತೆಗೆದು ಖಾಕಿ ಬಟ್ಟೆ ಮಾಡಿದ ಹೆಸರು ಅವನದು. ಗೇಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ. ಜಾತಿಯಿಂದ ಹೊರಬಿದ್ದು ಕಸುಬು ಕಳೆದುಕೊಂಡ ಹೊಸ ಕ್ರೈಸ್ತರಿಗೆ ಇವು ಅನ್ನದ ದಾರಿಯಾದವು.

ತಾಯ್ನಾಡಿಗೆ ಮರಳುವುದೂ ಸುಲಭವಿರಲಿಲ್ಲ. 1877ರಲ್ಲಿ ಜರ್ಮನಿಗೆ ಹೋದ ಕಿಟ್ಟೆಲ್‌ಗೆ ಅಲ್ಲಿ ಕುಳಿತು ಕನ್ನಡ ನಿಘಂಟು ಮುಗಿಸಲು ಆಗಲಿಲ್ಲ. ಐವತ್ತು ದಾಟಿದ ಮೇಲೆ, 1883ರಲ್ಲಿ, ಮತ್ತೆ ಬಂದು ಸುಮಾರು ಹತ್ತು ವರ್ಷ ಶಬ್ದ ಹೆಕ್ಕಿದ. ಸುಮಾರು 70,000 ಪದಗಳ ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.

1914ರಲ್ಲಿ ಮಹಾಯುದ್ಧ ಶುರುವಾದಾಗ ಇಲ್ಲಿದ್ದ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುರಾಷ್ಟ್ರದ ಪ್ರಜೆಗಳಾದರು. ಅನೇಕರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಆಮೇಲೆ ಹಡಗು ಹತ್ತಿಸಿ ಊರಿಗೆ ಅಟ್ಟಿದರು. ಹಂಚಿನ ಕಾರ್ಖಾನೆಗಳೂ ನೇಯ್ಗೆಯ ಕಾರ್ಖಾನೆಗಳೂ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಸಭೆಗಳ ಹೊಣೆ ಹೆಚ್ಚುಹೆಚ್ಚಾಗಿ ಇಲ್ಲಿನ ಪಾದ್ರಿಗಳ ಹೆಗಲಿಗೆ ಬಂತು.