ಸಾಲಪತ್ರದ ಮೂರು ವರ್ಷ

ನಮ್ಮ ತಡಸದ ಸೀಮೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆದ್ದರಿಂದ ಆ ಪ್ರಾಂತದ ಸಾಲದ ಚರಿತ್ರೆ ನಮಗೂ ಸಂಬಂಧಿಸಿದ್ದೇ.

1859ರ ಕಾಲಮಿತಿ ಕಾಯಿದೆಯು ನೋಂದಣಿಯಾಗದ ಸಾಲಪತ್ರಗಳ ಮೇಲೆ ದಾವೆ ಹೂಡಲು ಮೂರೇ ವರ್ಷಗಳ ಗಡುವು ವಿಧಿಸಿತು. ಮೇಲ್ನೋಟಕ್ಕೆ ಇದು ಸಾಲಗಾರನಿಗೆ ಅನುಕೂಲವೇ. ಆದದ್ದು ತದ್ವಿರುದ್ಧ. ಗಡುವು ಮುಗಿಯುವ ಮುನ್ನವೇ ಸಾವುಕಾರನು ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸುತ್ತಿದ್ದನು. ಓದುಬಾರದ ರೈತನು ಹೆಬ್ಬೆಟ್ಟು ಒತ್ತುತ್ತಿದ್ದನು. ಮೂರು ವರ್ಷ ಕಳೆದರೆ ಮತ್ತೊಂದು ಪತ್ರ, ಬಡ್ಡಿಗೂ ಬಡ್ಡಿ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದು ಸುಟ್ಟದ್ದು ಇಂಥ ಪತ್ರಗಳನ್ನೇ. (ಪಠ್ಯಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವ ದಖ್ಖನ್ ದಂಗೆ ಇದೇ.) 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರಗಳಲ್ಲಿ ಆ ಗಡುವನ್ನು ಆರು ವರ್ಷಕ್ಕೂ, ನೋಂದಾಯಿತ ಪತ್ರಗಳಿಗೆ ಹನ್ನೆರಡಕ್ಕೂ ಏರಿಸಿತು. ಗಡುವು ಹೆಚ್ಚಿಸಿದ್ದು ರೈತನ ರಕ್ಷಣೆಗಾಗಿ! ವಿಚಿತ್ರವೆನಿಸಿದರೂ ವಿವೇಕದ ಮಾತೆಂದೇ ನನ್ನ ಅಭಿಪ್ರಾಯ.

ಇಂದು 1963ರ ಕಾಯಿದೆಯಂತೆ ಸಾದಾ ಸಾಲಕ್ಕೆ ಮೂರೇ ವರ್ಷ. ಅಷ್ಟರೊಳಗೆ ಸಾಲವುಂಟೆಂದು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಎಣಿಕೆ ಅಂದಿನಿಂದ ಹೊಸದಾಗಿ ಆರಂಭ. ಗಡುವು ಮೀರಿದ ಬಳಿಕವೂ, ವಸೂಲಿಗೆ ಬಂದವರು ಮುಂದಿಟ್ಟ ‘ತೀರಿಸುತ್ತೇನೆ’ ಎಂಬ ಕಾಗದಕ್ಕೆ ಸಹಿ ಬಿದ್ದರೆ, 1872ರ ಕರಾರು ಕಾಯಿದೆಯ 25ನೆಯ ಕಲಮಿನಂತೆ ಆ ಸಾಲಕ್ಕೆ ಮರುಜೀವ ಬರುತ್ತದೆ.