ಲಸಿಕೆಯ ನಂತರದ ಭುಜನೋವು: ಪರಿಹಾರದ ದಾರಿ

ಲಸಿಕೆ ಹಾಕಿಸಿಕೊಂಡ ತೋಳು ಒಂದೆರಡು ದಿನ ನೋಯುವುದು ಸಹಜ. ನೋವು ವಾರಗಟ್ಟಲೆ ಉಳಿದು, ತಲೆ ಬಾಚಲೂ ಕೈ ಮೇಲೇಳದಿದ್ದರೆ ಅದು ಬೇರೆಯೇ ತೊಂದರೆ. ಸೂಜಿಯನ್ನು ತೋಳಿನ ಸ್ನಾಯುವಿಗೆ ಚುಚ್ಚದೆ ತೀರ ಮೇಲಕ್ಕೆ, ಕೀಲಿನ ಬಳಿ ಚುಚ್ಚಿದಾಗ ಅಲ್ಲಿ ಉರಿಯೂತ ಉಂಟಾಗಬಹುದು. ವೈದ್ಯರು ಇದನ್ನು 'ಸಿರ್ವಾ' ಎಂದು ಕರೆಯುತ್ತಾರೆ.

ನಮ್ಮ ಮನೆಯಲ್ಲೇ ಒಬ್ಬರಿಗೆ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಫ್ಲೂ ಲಸಿಕೆ ಪಡೆದ ಮೇಲೆ ಹೀಗಾಯಿತು. ಐದು ತಿಂಗಳು ಕೈ ಎತ್ತಲಾಗಲಿಲ್ಲ. ದೂರು ಕೊಡೋಣವೆಂದರೆ ಲಸಿಕೆಯ ಬಿಲ್ಲನ್ನು ಎಸೆದಿದ್ದೆವು. ಮೊದಲು ನೋಡಿದ ವೈದ್ಯರ ಚೀಟಿಯಲ್ಲಿ ಲಸಿಕೆಯ ಪ್ರಸ್ತಾಪವೇ ಇರಲಿಲ್ಲ. ವಿಷಯ ಅಲ್ಲಿಗೇ ನಿಂತಿತು.

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಂದ ಅಲ್ಲಿನ ವ್ಯವಸ್ಥೆಯ ಬಗ್ಗೆ ಕೇಳಿದವರುಂಟು. ಅಲ್ಲಿ 1986ರ ಕಾಯಿದೆಯಡಿ ಲಸಿಕೆ ಪರಿಹಾರ ನಿಧಿಯಿದೆ. ಅದರ ಪಟ್ಟಿಗೆ ಭುಜದ ಹಾನಿಯನ್ನು 2017ರಲ್ಲಿ ಸೇರಿಸಲಾಯಿತು. ಮೊದಲು ಆ ಭುಜದಲ್ಲಿ ತೊಂದರೆಯಿರದೆ, ಲಸಿಕೆಯ 48 ಗಂಟೆಗಳೊಳಗೆ ನೋವು ಆರಂಭವಾಗಿ, ಅನ್ಯ ಕಾರಣ ಕಾಣದಿದ್ದರೆ, ಲಸಿಕೆ ಹಾಕಿದವರ ತಪ್ಪನ್ನು ಸಾಬೀತುಪಡಿಸಬೇಕಾಗಿಲ್ಲ.

ಭುಜದ ಹಾನಿಗೆ ನಮ್ಮ ದೇಶದಲ್ಲಿ ಅಂಥ ಪಟ್ಟಿಯಿಲ್ಲ. ಹಣ ಕೊಟ್ಟು ಲಸಿಕೆ ಪಡೆದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಒಂದು ದಾರಿ. ವೈದ್ಯಕೀಯ ಸೇವೆಯೂ ಗ್ರಾಹಕ ಕಾಯಿದೆಗೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಸರ್ಕಾರಿ ಕೇಂದ್ರಗಳು ಇದರ ಹೊರಗಿವೆ. ಚೆನ್ನೈ ನಿವಾಸಿಗಳು, ಲಸಿಕೆಯನ್ನು ಬೇರೆ ಊರಿನಲ್ಲಿ ಪಡೆದಿದ್ದರೂ, ಇಲ್ಲಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಅವಧಿ ಎರಡು ವರ್ಷ. ವಕೀಲರು ಕಡ್ಡಾಯವಲ್ಲ. ಆದರೆ ನಿರ್ಲಕ್ಷ್ಯವನ್ನು ಸಾಬೀತುಪಡಿಸುವ ಹೊಣೆ ಸಾಮಾನ್ಯವಾಗಿ ದೂರುದಾರರದೇ.

ಆದುದರಿಂದ ಮೊದಲ ವಾರದ ಕಾಗದಗಳೇ ಮುಖ್ಯ. ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ, ಯಾವ ತೋಳು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ನೋವು ಯಾವಾಗ, ಯಾವುದರ ನಂತರ ಆರಂಭವಾಯಿತೆಂದು ವೈದ್ಯರ ಚೀಟಿಯಲ್ಲಿ ನಮೂದಾಗಬೇಕು. ಸ್ಕ್ಯಾನ್ ವರದಿ, ಫಿಸಿಯೋಥೆರಪಿಯ ರಸೀದಿ, ರಜೆಯ ದಾಖಲೆಗಳನ್ನು ಜೋಪಾನ ಮಾಡಬೇಕು. ರೋಗಿಯು ಕೇಳಿದ ವೈದ್ಯಕೀಯ ದಾಖಲೆಗಳನ್ನು ವೈದ್ಯರು 72 ಗಂಟೆಗಳೊಳಗೆ ನೀಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿ ಹೇಳುತ್ತದೆ. ಕೋರಿಕೆಯನ್ನು ಬರಹದಲ್ಲಿ ಕೊಟ್ಟು, ಪ್ರತಿಗೆ ಸಹಿ ಪಡೆಯುವುದು ಲೇಸು. ಲಸಿಕೆಯ ನಂತರದ ತೊಂದರೆಗಳನ್ನು ವರದಿ ಮಾಡಲು ಸರ್ಕಾರಿ ವ್ಯವಸ್ಥೆಯೂ ಇದೆ. ಅದರಿಂದ ಹಣ ದೊರೆಯದು, ದಾಖಲೆ ಉಳಿಯುತ್ತದೆ.

ಬ್ಯಾಂಕಿನಲ್ಲಿ ದುಡಿಯುವ ನಮಗೆ ರಸೀದಿಯ ಬೆಲೆ ತಿಳಿಯದ್ದೇನಲ್ಲ. ಆದರೂ ಮನೆಯಲ್ಲಿ ಮರೆತೆವು. ಓದುಗರು ಹಾಗೆ ಮಾಡದಿರಲಿ. ಲಸಿಕೆಯನ್ನೂ ಬಿಡದಿರಲಿ, ಇಂಥ ಹಾನಿ ವಿರಳ. ಅಂಗಿಯ ಕೊರಳನ್ನು ಪಕ್ಕಕ್ಕೆ ಜಗ್ಗದೆ ಇಡೀ ತೋಳನ್ನು ತೆರೆದು ಕುಳಿತುಕೊಳ್ಳಿ. ಚುಚ್ಚುವವರೂ ಕುಳಿತೇ ಚುಚ್ಚಲೆಂದು ವಿನಯದಿಂದ ಕೇಳಿಕೊಳ್ಳಿ.