ಕಾರುಗಳ ಇಂಜಿನ್ ಆಯಿಲ್: ಆಯ್ಕೆ, ಬಳಕೆ ಹಾಗೂ ಚಾಲಕರ ಅನುಭವ

ವಿಮಾನಪುರ, ಇಂದಿರಾನಗರ, ಹಲಸೂರು ಹಾಗೂ ಕೃಷ್ಣರಾಜಪುರ ಭಾಗದ ವಾಹನ ಮಾಲೀಕರು ನೋಂದಣಿ ನವೀಕರಣ, ವಾಯುಮಾಲಿನ್ಯ ತಪಾಸಣೆ ಮುಂತಾದ ಸೇವೆಗಳ ಸಂದರ್ಭದಲ್ಲಿ ಇಂಜಿನ್ ಆಯಿಲ್ ಕುರಿತು ಹಲವು ಪ್ರಶ್ನೆಗಳನ್ನು ಕೇಳುತ್ತಾರೆ. ಯಾವ ಆಯಿಲ್ ಹಾಕಿಸಬೇಕು, ಎಷ್ಟು ಅವಧಿಗೊಮ್ಮೆ ಬದಲಾಯಿಸಬೇಕು, ಗ್ಯಾರೇಜಿನವರು ಹೇಳುವುದು ಸರಿಯೇ ಎಂಬುವು ಅವುಗಳಲ್ಲಿ ಮುಖ್ಯವಾದವು. ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಯಾವುದೇ ಕಂಪನಿಯ ಉತ್ಪನ್ನವನ್ನು ಶಿಫಾರಸು ಮಾಡುವ ಉದ್ದೇಶ ಇಲ್ಲಿಲ್ಲ.

ಡಬ್ಬಿಯ ಮೇಲಿನ ಗುರುತುಗಳು

ಡಬ್ಬಿಯ ಮೇಲೆ 5ಡಬ್ಲ್ಯು-30, 20ಡಬ್ಲ್ಯು-40 ಎಂದು ಮುದ್ರಿಸಿರುವುದು ಎಸ್.ಎ.ಇ. ಸ್ನಿಗ್ಧತೆಯ ದರ್ಜೆಯಾಗಿರುತ್ತದೆ. ಮೊದಲ ಸಂಖ್ಯೆಯು ಚಳಿಯಲ್ಲಿ ಆಯಿಲ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಅದರ ಗಾಢತೆಯನ್ನೂ ಸೂಚಿಸುತ್ತದೆ. ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ಮೊದಲ ಸಂಖ್ಯೆ ನಮಗೆ ಅನಗತ್ಯವೆಂದು ಅನೇಕರು ಭಾವಿಸುತ್ತಾರೆ. ಆದರೆ ರಾತ್ರಿಯಿಡೀ ನಿಂತ ಇಂಜಿನ್ ಬೆಳಿಗ್ಗೆ ಚಾಲನೆಗೊಂಡಾಗ ತೆಳುವಾದ ಆಯಿಲ್ ಮೇಲಿನ ಭಾಗಗಳನ್ನು ಬೇಗ ತಲುಪುತ್ತದೆ. ಸವೆತ ಹೆಚ್ಚಾಗುವುದು ಆ ಮೊದಲ ಕ್ಷಣಗಳಲ್ಲಿಯೇ.

ಎ.ಪಿ.ಐ. ಗುರುತಿನಲ್ಲಿ ಎಸ್ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಇಂಜಿನ್‌ಗೆ, ಸಿ ಅಕ್ಷರದಿಂದ ಆರಂಭವಾಗುವುದು ಡೀಸೆಲ್ ಇಂಜಿನ್‌ಗೆ ಸಂಬಂಧಿಸಿದ್ದು. ಪೆಟ್ರೋಲ್ ವರ್ಗದಲ್ಲಿ ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ ಜಾರಿಗೆ ಬಂದವು.

ದಪ್ಪ ಆಯಿಲ್ ಒಳ್ಳೆಯದೆಂಬ ನಂಬಿಕೆ

ಅಂಬಾಸಿಡರ್, ಪದ್ಮಿನಿ ಕಾರುಗಳನ್ನು ಓಡಿಸಿದ ಹಿರಿಯ ಚಾಲಕರಲ್ಲಿ ಈ ನಂಬಿಕೆ ಈಗಲೂ ಬಲವಾಗಿದೆ. ಅವರ ಅನುಭವ ಸುಳ್ಳಲ್ಲ. ಆ ಇಂಜಿನ್‌ಗಳ ಬಿಡಿಭಾಗಗಳ ನಡುವಿನ ಅಂತರ ಹೆಚ್ಚಾಗಿದ್ದು, ಅವಕ್ಕೆ ದಪ್ಪ ಆಯಿಲ್ ಹೊಂದುತ್ತಿತ್ತು. ಈಗಿನ ಕೆಲವು ಸಣ್ಣ ಪೆಟ್ರೋಲ್ ಕಾರುಗಳಿಗೆ ತಯಾರಕರು 0ಡಬ್ಲ್ಯು-16ರಷ್ಟು ತೆಳುವಾದ ಆಯಿಲ್ ಸೂಚಿಸುತ್ತಾರೆ. ಅವುಗಳಲ್ಲಿ 20ಡಬ್ಲ್ಯು-50 ಹಾಕಿದರೆ ಇಂಜಿನ್ ಸದ್ದು ಕಡಿಮೆಯಾದಂತೆ ಕಂಡರೂ ಇಂಧನ ಹೆಚ್ಚು ಖರ್ಚಾಗುತ್ತದೆ. ಲೆಕ್ಕ ಹಾಕಿ ನೋಡಬಹುದು. ಲೀಟರಿಗೆ 15 ಕಿ.ಮೀ. ಓಡುವ ಕಾರು 10,000 ಕಿ.ಮೀ.ಗೆ ಸುಮಾರು 667 ಲೀಟರ್ ಪೆಟ್ರೋಲ್ ಬಳಸುತ್ತದೆ. ಲೀಟರಿಗೆ 100 ರೂ. ಎಂದು ಹಿಡಿದರೂ ಶೇ. 1ರಷ್ಟು ಹೆಚ್ಚಳವೆಂದರೆ 667 ರೂ. ಆಯಿಲ್ ಡಬ್ಬಿಯಲ್ಲಿ 200 ರೂ. ಉಳಿಸಿದ ಸಂತೋಷ ಅಲ್ಲಿಗೆ ಮುಗಿಯುತ್ತದೆ.

ಹೊಗೆ ಬರುವ ಹಳೆಯ ಕಾರಿಗೆ ತಪಾಸಣೆಯ ಮುನ್ನ ದಪ್ಪ ಆಯಿಲ್ ಸುರಿಸುವ ರೂಢಿಯೂ ಉಂಟು. ಇದು ಕೆಲವು ದಿನ ಹೊಗೆಯನ್ನು ಮರೆಮಾಚಬಹುದೇ ಹೊರತು ಸವೆದ ಪಿಸ್ಟನ್ ರಿಂಗ್ ಸರಿಪಡಿಸುವುದಿಲ್ಲ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಸೂಚನೆ. ಕಪ್ಪು ಹೊಗೆ ಇಂಧನ ಸರಿಯಾಗಿ ದಹಿಸದಿರುವುದರ ಸೂಚನೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು, ರೇಡಿಯೇಟರ್ ನೀರು ಕಡಿಮೆಯಾಗಿ, ಆಯಿಲ್ ಹಾಲಿನಂತೆ ಕಂಡಲ್ಲಿ ಕಾರನ್ನು ಓಡಿಸದೆ ಗ್ಯಾರೇಜಿಗೆ ಸಾಗಿಸತಕ್ಕದ್ದು. ನೋಂದಣಿಯಾಗಿ 15 ವರ್ಷ ಪೂರೈಸುವ ಸ್ವಂತ ಕಾರುಗಳ ಮಾಲೀಕರು ನಮೂನೆ 25ರಲ್ಲಿ ನವೀಕರಣದ ಅರ್ಜಿ ಸಲ್ಲಿಸುವ ಮುನ್ನವೇ ಇಂತಹ ದೋಷಗಳನ್ನು ಸರಿಪಡಿಸಿಕೊಳ್ಳುವುದು ಸೂಕ್ತ.

ಕಿಲೋಮೀಟರ್ ಮತ್ತು ಗಂಟೆ

2008ರ ಮೇ ತಿಂಗಳವರೆಗೆ ನಾಗರಿಕ ವಿಮಾನಗಳು ಎಚ್.ಎ.ಎಲ್. ನಿಲ್ದಾಣದಲ್ಲಿಯೇ ಇಳಿಯುತ್ತಿದ್ದವು. ವಿಮಾನಪುರದ ಟ್ಯಾಕ್ಸಿಗಳು ಸರದಿಯಲ್ಲಿ ಅಷ್ಟಷ್ಟೇ ಮುಂದೆ ಸಾಗಿ, ನಗರದೊಳಗಿನ ಕಿರುದೂರದ ಬಾಡಿಗೆಗೆ ಹೋಗುತ್ತಿದ್ದವು. ದೇವನಹಳ್ಳಿಯ ನಿಲ್ದಾಣ ಆರಂಭವಾದ ಮೇಲೆ ಅದೇ ಬಾಡಿಗೆ ಸುಮಾರು 40 ಕಿ.ಮೀ.ಗೆ ಬೆಳೆಯಿತು. ಆಯಿಲ್ ದೃಷ್ಟಿಯಿಂದ ದೂರದ ಓಟವೇ ಹಗುರ. ಕಾರು ಗಂಟೆಗೆ ಸರಾಸರಿ 50 ಕಿ.ಮೀ. ಸಾಗಿದರೆ 10,000 ಕಿ.ಮೀ.ಗೆ ಇಂಜಿನ್ 200 ಗಂಟೆ ಓಡಿರುತ್ತದೆ. ಹಳೆಯ ವಿಮಾನ ನಿಲ್ದಾಣ ರಸ್ತೆಯ ದಟ್ಟಣೆಯಲ್ಲಿ ಸರಾಸರಿ 15 ಕಿ.ಮೀ. ಆದರೆ ಅದೇ ದೂರಕ್ಕೆ 667 ಗಂಟೆ. ಮೀಟರ್ ಎರಡನ್ನೂ ಒಂದೇ ಎಂದು ತೋರಿಸುತ್ತದೆ.

ಅನೇಕ ತಯಾರಕರು 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದರಂತೆ ಬದಲಾಯಿಸಲು ಸೂಚಿಸುತ್ತಾರೆ. ಕಿರುದೂರದ ಓಡಾಟ, ನಿಂತಲ್ಲೇ ಇಂಜಿನ್ ಓಡಿಸುವುದು, ಧೂಳು ಇವುಗಳನ್ನು ಕೈಪಿಡಿಯಲ್ಲಿ ಕಠಿಣ ಬಳಕೆ ಎಂದು ಪ್ರತ್ಯೇಕಿಸಿ, ಕಡಿಮೆ ಅವಧಿಯನ್ನು ನಮೂದಿಸಲಾಗಿರುತ್ತದೆ. ನಗರದ ಬಹುಪಾಲು ಕಾರುಗಳು ಈ ವರ್ಗಕ್ಕೇ ಸೇರುತ್ತವೆ ಎಂಬುದನ್ನು ಮಾಲೀಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬಣ್ಣ ನೋಡಿ ತೀರ್ಮಾನಿಸುವುದು ತಪ್ಪು. ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಬೇಗನೆ ಕಪ್ಪಾಗುತ್ತದೆ. ಮಟ್ಟವನ್ನು ಸಮತಟ್ಟಾದ ಜಾಗದಲ್ಲಿ, ಇಂಜಿನ್ ನಿಲ್ಲಿಸಿ ಕೆಲವು ನಿಮಿಷಗಳ ನಂತರ ಕಡ್ಡಿಯಿಂದ ಪರೀಕ್ಷಿಸಬೇಕು. ಮೇಲಿನ ಗುರುತನ್ನು ಮೀರಿ ತುಂಬಿಸುವುದೂ ಹಾನಿಕರ.

2020ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಸ್ಟೇಜ್-6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಹೊಗೆಯ ಕಣಗಳನ್ನು ಹಿಡಿಯುವ ಶೋಧಕವಿರುತ್ತದೆ. ಇವುಗಳಿಗೆ ಕಡಿಮೆ ಬೂದಿಯ ಆಯಿಲ್ ಅನ್ನೇ ಬಳಸತಕ್ಕದ್ದು. ಕಣಗಳು ಸುಟ್ಟುಹೋಗುತ್ತವೆ, ಆಯಿಲ್‌ನ ಬೂದಿ ಮಾತ್ರ ಶೋಧಕದಲ್ಲಿಯೇ ಉಳಿಯುತ್ತದೆ.

ಖರೀದಿ ಹಾಗೂ ವಿಲೇವಾರಿ

ಖಾಲಿ ಡಬ್ಬಿಗಳಿಗೆ ಕಳಪೆ ಆಯಿಲ್ ತುಂಬಿ ಮಾರುವವರಿದ್ದಾರೆ. ಆದುದರಿಂದ ಮೊಹರನ್ನು ತಮ್ಮ ಎದುರಿನಲ್ಲೇ ತೆರೆಸಿ, ಖಾಲಿ ಡಬ್ಬಿಗೆ ರಂಧ್ರ ಮಾಡಿ ಹಿಂಪಡೆಯುವುದು ಕ್ಷೇಮ. ಡಬ್ಬಿಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ನಮೂದಾಗಿರಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ವಿಧಿಸುತ್ತವೆ. ಬ್ಯಾಚ್ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಿಲ್ ಇಲ್ಲದ ಖರೀದಿಯಲ್ಲಿ ಇಂಜಿನ್ ಕೆಟ್ಟರೆ ವಾದಿಸಲು ಆಧಾರವೇ ಇರುವುದಿಲ್ಲ.

ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಮನೆಯಲ್ಲಿಯೇ ಬದಲಾಯಿಸುವವರು ಅದನ್ನು ಮೋರಿಗೆ ಸುರಿಯಬಾರದು. ಮಳೆನೀರಿನ ಚರಂಡಿಗಳು ಸೇರುವುದು ಕೆರೆಗಳನ್ನೇ. ವಿಮಾನಪುರದ ದಕ್ಷಿಣಕ್ಕಿರುವ ಬೆಳ್ಳಂದೂರು ಕೆರೆಯ ಸ್ಥಿತಿಯನ್ನು ಇಲ್ಲಿಯ ನಿವಾಸಿಗಳಿಗೆ ವಿವರಿಸಬೇಕಾಗಿಲ್ಲ. ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಮರುಬಳಕೆದಾರರಿಗೆ ಆಯಿಲ್ ಒಪ್ಪಿಸುವ ಸರ್ವೀಸ್ ಕೇಂದ್ರಕ್ಕೆ ನೀಡುವುದು. 2024ರ ಏಪ್ರಿಲ್ 1ರಿಂದ ಇದರ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೂ ಹೊರಿಸಲಾಗಿದೆ.

ಅಳತೆ ಅಥವಾ ಬೆಲೆಯ ಬಗ್ಗೆ ದೂರುಗಳಿದ್ದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಕಳಪೆ ಸರಕಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಬಹುದು. ಪರಿಹಾರ ಕೋರುವವರು ಬಿಲ್, ಖಾಲಿ ಡಬ್ಬಿ ಹಾಗೂ ಗ್ಯಾರೇಜಿನ ಲಿಖಿತ ವರದಿಯೊಂದಿಗೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸತಕ್ಕದ್ದು.